ಓದದೆ ಬರೆದ ‘ತೃಪ್ತಿಕರ’

ಆ ಹುಡುಗಿ ಐದು ಫಾರ್ಮುಗಳನ್ನು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟಾಗ ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಹಾವೇರಿಯಲ್ಲಿ ಪಾಠ ಹೇಳುವವಳು, ಅವಳ ಪಿಎಚ್‌ಡಿಗೆ ಗೈಡು. ಅವಳು ಅಗಡಿಯವಳು, ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಬದುಕು ಅವಳ ವಿಷಯ. ಪ್ರಬಂಧ ಒಪ್ಪಿಸಲು ಉಳಿದದ್ದು ಎರಡೇ ತಿಂಗಳು. ತಪ್ಪಿದರೆ ನೋಂದಣಿ ರದ್ದು, ಅಷ್ಟು ವರ್ಷದ ದುಡಿಮೆ ನೀರುಪಾಲು.

ಅದಕ್ಕೆ ಮುಂಚೆ, ಅವಳು ಹೊಸದಾಗಿ ತಂದ ಇಡೀ ಪ್ರಬಂಧದ ಕರಡಿನಲ್ಲಿ ಮೂರನೆಯ ಅಧ್ಯಾಯ ಓದಿ ನಾನು ರೇಗಿದ್ದೆ. “ಇದೇನ್ ಬರದೀಯವಾ? ಬರೇ ಅಂಗಡಿ ಮಾಲಕರ ಮಾತ ತುಂಬೈತಿ. ಆ ಹೆಂಗಸರನ್ನ ಒಬ್ಬಾಕಿನ್ನರ ಮಾತಾಡಿಸೀಯೇನು?”

ಅವಳು ಚೀಲಕ್ಕೆ ಕೈಹಾಕಿದಳು. ಈಚಿನ ಎರಡೂವರೆ ವರ್ಷಗಳಲ್ಲಿ ಆರು ತಿಂಗಳಿಗೊಮ್ಮೆ ನಾನು ಸಹಿ ಮಾಡಿಕೊಟ್ಟ ಪ್ರಗತಿ ವರದಿಯ ಆ ಫಾರ್ಮುಗಳನ್ನು ಹೊರತೆಗೆದಳು. ಐದರಲ್ಲೂ ನನ್ನದೇ ಅಕ್ಷರ: ತೃಪ್ತಿಕರ.

“ಈ ಅಧ್ಯಾಯ ಎರಡ ವರ್ಷದ ಹಿಂದನ ಕೊಟ್ಟಿದ್ದೆ ಮೇಡಂ. ಆವಾಗ ಹೇಳಿದ್ರ ತಿದ್ಕೋತಿದ್ದೆ.”

“ನನಗ ಬುದ್ಧಿ ಹೇಳಾಕ ಬಂದೀಯೇನು?” ಎಂದೆ. ಅವಳು ಫಾರ್ಮುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು.

ಎಷ್ಟು ಸೊಕ್ಕು ಇವಳಿಗೆ ಎಂದು ಗೊಣಗುತ್ತ ಕಪಾಟು ತೆರೆದೆ. ಎರಡು ವರ್ಷದ ಹಿಂದೆ ಕೊಟ್ಟ ಆ ಅಧ್ಯಾಯದ ಪ್ರತಿ ಅಲ್ಲೇ ಇತ್ತು. ಅವಳು ಕಟ್ಟಿಕೊಟ್ಟ ದಾರವನ್ನೂ ನಾನು ಬಿಚ್ಚಿರಲಿಲ್ಲ.

ಆಗ ನನಗೆ ನನ್ನ ಮೇಲೇ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮದುವೆ ಮನೆಯಲ್ಲಿ ಭೇಟಿಯಾದರೂ ಸಾಕು, ನನ್ನ ಕೈಕೆಳಗೆ ಇಷ್ಟು ಮಂದಿ ಡಾಕ್ಟರೇಟ್ ಮಾಡಿದರು ಎಂದು ನಾವು ಗೈಡುಗಳು ಎದೆ ಉಬ್ಬಿಸುತ್ತೇವೆ. ಎಷ್ಟು ಪುಟ ಓದಿದಿರಿ ಎಂದು ಒಬ್ಬರೂ ಕೇಳುವುದಿಲ್ಲ. ಫೋನಿನಲ್ಲಿ ಮಾತಾಡುತ್ತ, ಕೊರಿಯರಿನವನ ಕಾಗದಕ್ಕೆ ಗೀಚಿದ ಹಾಗೆ ‘ತೃಪ್ತಿಕರ’ ಎಂದು ಗೀಚಿದವಳು ನಾನು. ಶಿಕ್ಷೆ ಮಾತ್ರ ಅವಳಿಗೆ. ಇದ್ಯಾವ ಸೀಮೆಯ ನ್ಯಾಯ?

ಮರುದಿನ ರಾಣೆಬೆನ್ನೂರಿಗೆ ಹೋಗಿ, “ತಪ್ಪು ನಂದವಾ” ಎಂದೆ.

“ಆತ್ ಬಿಡ್ರಿ ಮೇಡಂ. ಈಗೇನ್ ಮಾಡೂದು ಹೇಳ್ರಿ” ಎಂದಳು.

ಅಂದಿನಿಂದ ಬಿಡುವು ಸಿಕ್ಕಾಗಲೆಲ್ಲ ಇಬ್ಬರೂ ಬ್ಯಾಡಗಿಗೆ ಹೋದೆವು. ಮೊದಲ ದಿನ ಅರ್ಧ ತಾಸು ನಾನು ಬರೀ ಸೀನಿದೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ಅವರಲ್ಲೊಬ್ಬ ಮುದುಕಿ ತೊಟ್ಟು ಮುರಿಯುತ್ತಲೇ ಕೇಳಿದಳು: “ಇಷ್ಟ ದಿನ ಎಲ್ಲಿದ್ರಿ ಅಕ್ಕಾರ? ಈ ಹುಡುಗಿ ಪಾಪ ಒಬ್ಬಾಕೇ ಬರ್ತಿದ್ಲು. ಮಾಲಕರು ಗದರಿಸಿದ್ರ ನಮ್ಮ ಕಡೆ ಬರಲಾರದ ವಾಪಸ್ ಹೋಗ್ತಿದ್ಲು.”

ಹೊಸ ಅಧ್ಯಾಯವನ್ನು ಅವಳು ಬರೆದ ಹಾಗೆಲ್ಲ ಓದಿದೆ, ಜಗಳವಾಡಿದೆ, ತಿದ್ದಿಸಿದೆ. ಗಡುವಿಗೆ ನಾಲ್ಕು ದಿನ ಇರುವಾಗ ಪ್ರಬಂಧ ಸಿದ್ಧವಾಯಿತು. ಮೊದಲ ಪುಟದಲ್ಲೇ ಕೃತಜ್ಞತೆ: ಹೆಜ್ಜೆಹೆಜ್ಜೆಗೂ ಕೈಹಿಡಿದು ನಡೆಸಿದ ನನ್ನ ಮಾರ್ಗದರ್ಶಕರಿಗೆ.

“ಈ ಸುಳ್ಳು ಯಾಕ? ತಗದ ಹಾಕು” ಎಂದೆ.

“ಇರಲಿ ಬಿಡ್ರಿ ಮೇಡಂ. ನನ್ನ ಹಿಂದ ನಿಮ್ಮ ಕಡೆ ಇನ್ನಾ ಇಬ್ಬರ ಹುಡುಗ್ಯಾರ ಅದಾರಲ್ರಿ. ಅವರ ಪಾಲಿಗಾದ್ರೂ ಇದನ್ನ ಖರೇ ಮಾಡ್ರಿ.”

ಆ ಇಬ್ಬರ ಸಂಶೋಧನೆಯ ವಿಷಯ ಏನೆಂದು ಎಷ್ಟು ಯೋಚಿಸಿದರೂ ನನಗೆ ನೆನಪಾಗಲಿಲ್ಲ.