ಹತ್ತು ನಿಮಿಷದ ಕುದಿ

ಬಟ್ಟೆ ಗಿರಣಿಯ ಕ್ಯಾಂಟೀನಿನಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. ಎಲ್ಲರಿಗೂ ಅವಳು ‘ಹತ್ತು ನಿಮಿಷದಕ್ಕ’. ಊಟ ಆಯ್ತೇನಕ್ಕ ಎಂದು ಯಾರು ಇಣುಕಿದರೂ, “ಹತ್ತು ನಿಮಿಷ! ಅಷ್ಟರಲ್ಲಿ ಪ್ರಾಣ ಹೋಗಲ್ಲ” ಎಂದು ಸೌಟು ತೋರಿಸುತ್ತಿದ್ದಳು. ಇಪ್ಪತ್ತೆರಡು ವರ್ಷ ಇನ್ನೂರು ಜನರ ಹೊಟ್ಟೆ ತುಂಬಿಸಿದವಳಿಗೆ ಅಷ್ಟು ಜೋರು ಇರಬೇಡವೇ?

ರಾಜ್ಮಾ ಕಾಳಿನ ದಿನವಂತೂ ಒಲೆಯ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ನೆನೆಸಿದ ನೀರು ಚೆಲ್ಲಿ, ಹೊಸ ನೀರು ಹಾಕಿ, ಕಾಳು ಪಾತ್ರೆಯೊಳಗೆ ಕುಣಿಯುವಂತೆ ಹತ್ತು ನಿಮಿಷ ಕುದಿಸಿ, ಆಮೇಲೆ ಉರಿ ಸಣ್ಣ ಮಾಡುವುದು ಅತ್ತೆ ಕಲಿಸಿಕೊಟ್ಟ ಕ್ರಮ. ಯಾಕೆಂದು ಅವಳು ಕೇಳಲಿಲ್ಲ. ಅತ್ತೆಗೂ ಗೊತ್ತಿತ್ತೋ ಇಲ್ಲವೋ. ಎಂದೋ ಯಾರೋ ಹೊಟ್ಟೆ ಹಿಡಿದುಕೊಂಡು ಒದ್ದಾಡಿ ಕಲಿತ ಪಾಠ, ಕಾರಣವನ್ನು ದಾರಿಯಲ್ಲೇ ಕಳೆದುಕೊಂಡು, ಬರೀ ಕ್ರಮವಾಗಿ ಅವಳ ಕೈಗೆ ಬಂದಿತ್ತು.

ಆ ತಿಂಗಳು ಮ್ಯಾನೇಜರು ಸ್ಟೀಲಿನ ಕರೆಂಟು ಪೆಟ್ಟಿಗೆಯೊಂದನ್ನು ತರಿಸಿದರು. ಸಂಜೆ ಕಾಳು ತುಂಬಿ ಗುಂಡಿ ಒತ್ತಿದರೆ ಸಣ್ಣ ಬಿಸಿಯಲ್ಲೇ ಬೆಳಗಾಗುವಷ್ಟರಲ್ಲಿ ಮೆತ್ತಗಾಗುತ್ತಿತ್ತು. ಸೋಮವಾರ ಅವಳು ಹಾಗೇ ಮಾಡಿದಳು. ಮಂಡಿನೋವು ಬೇರೆ, ಕುದಿಸುತ್ತಾ ನಿಲ್ಲುವ ಗೋಜು ತಪ್ಪಿತಲ್ಲ ಎಂದು ಖುಷಿಯೇ ಆಯಿತು. ಮಂಗಳವಾರ ಊಟ ಮುಗಿದು ಎರಡು ಗಂಟೆಯಾಗಿರಲಿಲ್ಲ, ಮೂವತ್ತೊಂದು ಜನ ವಾಂತಿ ಮಾಡಿಕೊಂಡರು. ಪುಣ್ಯಕ್ಕೆ ಮರುದಿನ ಎಲ್ಲರೂ ಎದ್ದು ಓಡಾಡಿದರು.

ಬುಧವಾರ ಆಹಾರ ಪರೀಕ್ಷೆಯ ಅಧಿಕಾರಿಣಿ ಬಂದರು. “ಕಾಳು ಚೆನ್ನಾಗಿ ಕುದಿಸಿದ್ರಾ ಅಮ್ಮ?”

“ನನ್ನನ್ನ ಕೇಳ್ತೀರಾ? ಕುದಿಸದೆ ಬಡಿಸ್ತೀನಾ?” ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತು.

“ಅದಕ್ಕಲ್ಲ. ಈ ಕಾಳಲ್ಲಿ ಹುಟ್ಟಿನಿಂದ್ಲೇ ಒಂದು ವಿಷ ಇರುತ್ತೆ. ಹತ್ತು ನಿಮಿಷ ಕೊತಕೊತ ಕುದಿದ್ರೆ ಅದರ ಆಟ ಮುಗೀತು. ಸಣ್ಣ ಬಿಸೀಲಿ ಬೇಯಿಸಿದ್ರೆ ಮಾತ್ರ ಹಸಿ ಕಾಳಿಗಿಂತ ಕೆಟ್ಟದ್ದು.”

ಅವಳಿಗೆ ಸೋಮವಾರ ಸಂಜೆ ಗುಂಡಿ ಒತ್ತಿದ್ದು ನೆನಪಾಯಿತು. ಮ್ಯಾನೇಜರು ಪೆಟ್ಟಿಗೆಯನ್ನೊಮ್ಮೆ ಅವಳನ್ನೊಮ್ಮೆ ನೋಡಿ, “ಕಾಳು ಕುದಿಸಿದ್ದಾರಲ್ಲ, ಹಾಗಾದ್ರೆ ನಿನ್ನೆ ಬಡಿಸಿದ ಮೊಸರೇ ಇರ್ಬೇಕು” ಎಂದರು. ಕ್ಯಾಂಟೀನಿಗೆ ಮೊಸರು ತರುತ್ತಿದ್ದವಳು ಅವಳ ನಾದಿನಿ, ಗಂಡನ ತಂಗಿ. ಈಗ ಹೇಳಬೇಕು, ಈಗ ಹೇಳಬೇಕು ಎಂದುಕೊಳ್ಳುತ್ತಲೇ ಅವಳು ತುಟಿ ಬಿಚ್ಚಲಿಲ್ಲ. ಕೆಲಸದ ಭಯ ಅರ್ಧ, ಹೆಸರು ಹೋಗುವ ಭಯ ಇನ್ನರ್ಧ. ನಾದಿನಿಯ ಮೊಸರು ಅಂದೇ ನಿಂತಿತು. ಮನೆಗೆ ಬಂದವಳು ಗಂಡನೆದುರಿಗೇ, “ಅದನ್ನ ಮುಟ್ಬೇಡಿ” ಎಂದು ಮೊಸರಿನ ಬಟ್ಟಲನ್ನು ಬಚ್ಚಲಿಗೆ ಸುರಿದಳು. ಸುಳ್ಳಿಗೊಂದು ಸಾಕ್ಷಿ ಬೇಕಿತ್ತು.

ಶುಕ್ರವಾರ ಮನಸ್ಸು ತಡೆಯದೆ ನಾದಿನಿಯ ಮನೆಗೆ ಹೋದಳು. ಹಿತ್ತಿಲಲ್ಲಿ ಪಾತ್ರೆಗಳೆಲ್ಲ ಬೋರಲು ಬಿದ್ದಿದ್ದವು. ಪಾತ್ರೆ ತೊಳೆಯುವ ಕಲ್ಲಿನಿಂದ ಇನ್ನೂ ಹಬೆ ಏಳುತ್ತಿತ್ತು.

“ಎಲ್ಲಾ ಕುದಿನೀರಲ್ಲಿ ತೊಳ್ದುಬಿಟ್ಟೆ ಅತ್ತಿಗೆ.” ನಾದಿನಿಯ ಕಣ್ಣು ಊದಿಕೊಂಡಿದ್ದವು. “ಹೆಪ್ಪಿನ ಮಡಕೇನೂ. ಅಮ್ಮ ಕೊಟ್ಟಿದ್ದ ಹೆಪ್ಪು. ನಿನ್ನೇದು ಒಂದು ಚಮಚ ಇವತ್ತಿನ ಹಾಲಿಗೆ, ಹೀಗೆ ಮೂವತ್ತು ವರ್ಷ ಒಂದು ದಿನ ತಪ್ಪಿಸಿರ್ಲಿಲ್ಲ. ನನ್ನ ಕೈಯಲ್ಲೇ ಏನೋ ಕೊಳಕು ಸೇರ್ಕೊಂಡಿರ್ಬೇಕು.”

ಅತ್ತೆ ಸೊಸೆಗೆ ಕುದಿ ಕೊಟ್ಟು ಮಗಳಿಗೆ ಹೆಪ್ಪು ಕೊಟ್ಟು ಹೋಗಿದ್ದರು. ಹೆಪ್ಪಿನೊಳಗಿನ ಕಣ್ಣಿಗೆ ಕಾಣದ ಜೀವಗಳಿಗೆ ಉಗುರುಬೆಚ್ಚಗಿನ ಹಾಲು ಬೇಕು. ಕುದಿ ತಾಗಿದರೆ ಸತ್ತವು. ಬೇಕಾದಲ್ಲಿ ಇಲ್ಲದ ಕುದಿ ಬೇಡವಾದಲ್ಲಿ ಬಿದ್ದಿತ್ತು.

“ಸೋಮವಾರ ನಿಮ್ಮನೆಗೆ ಕೊಟ್ಟಿದ್ದೆನಲ್ಲ, ಅದು ಚೆನ್ನಾಗಿತ್ತು. ಸ್ವಲ್ಪ ಉಳಿದಿದ್ಯಾ? ಒಂದು ಚಮಚ ಸಾಕು. ಮಾರಲ್ಲ, ಸುಮ್ನೆ ಇಟ್ಕೋತೀನಿ.”

“ಚೆಲ್ಲಿಬಿಟ್ಟೆ.”

ನಾದಿನಿ ತಲೆಯಾಡಿಸಿದಳು. “ಸರಿಯಾಗೇ ಮಾಡಿದ್ರಿ ಬಿಡಿ. ಮಕ್ಕಳಿರೋ ಮನೆ.”

ಆ ಮಾತನ್ನು ಅವಳಿಂದ ಸಹಿಸಲಾಗಲಿಲ್ಲ. ಒದ್ದೆ ನೆಲದ ಮೇಲೇ ಕೂತಳು. “ನಿನ್ನ ಮೊಸರಲ್ಲಿ ಏನೂ ಇರ್ಲಿಲ್ಲ ಕಣೆ. ನಾನು ಕಾಳು ಕುದಿಸಿರ್ಲಿಲ್ಲ.”

ನಾದಿನಿ ಅವಳೆದುರಿಗೇ ಕೂತಳು. “ಬಟ್ಟಲು ಚೆಲ್ಲುವಾಗ್ಲೇ ಗೊತ್ತಿತ್ತಾ?”

“ಗೊತ್ತಿತ್ತು.”

ನಾದಿನಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

“ಈಗ್ಲೇ ಹೋಗಿ ಮ್ಯಾನೇಜರ ಹತ್ರ ಹೇಳ್ತೀನಿ ಕಣೆ,” ಎಂದು ಅವಳು ಹೊರಗಿನಿಂದ ಕೂಗಿದಳು.

“ಹೇಳಿ ಅತ್ತಿಗೆ,” ಎಂದಿತು ಒಳಗಿನ ದನಿ. “ನನ್ನ ಹೆಸರು ವಾಪಸ್ ಬರ್ಬಹುದು. ಅಮ್ಮನ ಹೆಪ್ಪು ಬರಲ್ಲ.”