ಖೋ-ಖೋ ಅಂಕಣದಲ್ಲಿ ಆರು ಗುಂಡಿ

ಸನ್ಮಾನ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಮುಗಿಯದ ಭಾಷಣ. ಆದರೂ ನಮ್ಮ ಖೋ-ಖೋ ಮೇಷ್ಟ್ರಿಗೆ ಮಾಡಬೇಕು ಎಂದು ಹಳೆಯ ಶಿಷ್ಯರ ವಾಟ್ಸಾಪ್ ಗುಂಪಿನಲ್ಲಿ ಮಾತು ಬಂದಾಗ ಮೊದಲು ಕೈ ಎತ್ತಿದವಳು ನಾನೇ. ಅಟ್ಟೂರಿನ ಮೈದಾನದಲ್ಲಿ ನಲವತ್ತು ವರ್ಷ, ದಿನಾ ಬೆಳಗ್ಗೆ ಐದೂವರೆಗೆ ಬಂದು, ಪುಕ್ಕಟೆಯಾಗಿ ಊರ ಮಕ್ಕಳಿಗೆಲ್ಲ ಆಟ ಕಲಿಸಿದವರು ಅವರು. "ಹೆಣ್ಮಗು ಚಡ್ಡಿ ಹಾಕ್ಕೊಂಡು ಓಡೋದಾ?" ಎಂದು ಗುಡುಗಿದ ನಮ್ಮಪ್ಪನ ಎದುರು ಕೂತು, "ಕಳ್ಸಿ ಸ್ವಾಮಿ, ನಾನೇ ಕರ್ಕೊಂಡು ಹೋಗಿ ನಾನೇ ತಂದು ಬಿಡ್ತೀನಿ" ಎಂದರು. ನಾನು ಆಡಿದಷ್ಟು ವರ್ಷವೂ ಹಾಗೇ ಮಾಡಿದರು. ಅಂಥವರಿಗೆ ಮಾಡದೆ ಇನ್ಯಾರಿಗೆ ಮಾಡೋದು?

ಭಾನುವಾರ ಅದೇ ಮೈದಾನದಲ್ಲಿ ಸನ್ಮಾನ, ಶಾಮಿಯಾನದ ಜವಾಬ್ದಾರಿ ನನ್ನದು. ಶನಿವಾರ ಸಂಜೆ ನಿಂತು ಹಾಕಿಸಿ, ಬೀಗುತ್ತ ಮನೆಗೆ ಬಂದೆ. ಭಾನುವಾರ ಬೆಳಗ್ಗೆ ರಂಗೋಲಿ ಹಾಕೋಣವೆಂದು ಹೋದರೆ ಮೇಷ್ಟ್ರು ಆಗಲೇ ಮೈದಾನದಲ್ಲಿದ್ದರು. ಕೈಯಲ್ಲಿ ಸುಣ್ಣದ ಪುಡಿಯ ಡಬ್ಬ, ಹಿಂದೆ ಹತ್ತಿಪ್ಪತ್ತು ಮಕ್ಕಳು. ಎಲ್ಲರ ಕಣ್ಣೂ ನೆಲದ ಮೇಲೆ. ಶಾಮಿಯಾನದವರು ಹಾರೆಯಲ್ಲಿ ಗುಂಡಿ ತೋಡಿ ಗಳ ನೆಟ್ಟಿದ್ದು ಅಂಕಣದೊಳಗೇ. ಒಂದಲ್ಲ ಎರಡಲ್ಲ, ಆರು!

ಮಕ್ಕಳು ಬರಿಗಾಲಲ್ಲಿ ಓಡುತ್ತಾರೆಂದು ಅವರು ದಿನಾ ಕಲ್ಲು ಹೆಕ್ಕಿ, ನೀರು ಚಿಮುಕಿಸಿ, ತಾವೇ ಗೆರೆ ಎಳೆಯುವ ಅಂಕಣ ಅದು. ನಾವು ಚಿಕ್ಕವರಿದ್ದಾಗ ಚಪ್ಪಲಿ ಕಾಲಲ್ಲಿ ದಾಟಿದರೂ ಬೈಗುಳ ಬೀಳುತ್ತಿತ್ತು. ಅಲ್ಲಿ ಬೆಳೆದ ನನಗೇ ಅದು ಖಾಲಿ ಜಾಗದಂತೆ ಕಂಡಿತ್ತಲ್ಲ, ಥೂ ನನ್ನ ಬುದ್ಧಿಗಿಷ್ಟು!

"ಯಾರು ಹಾಕ್ಸಿದ್ದು?"

"ನಾನೇ ಸಾರ್."

"ನಾಳೆ ಈ ಮಕ್ಳಿಗೆ ತಾಲ್ಲೂಕು ಮ್ಯಾಚು. ಇವತ್ತೆಲ್ಲಿ ಆಡ್ಬೇಕು, ನಿನ್ ಸ್ಟೇಜ್ ಮೇಲಾ? ಸನ್ಮಾನ ನೀವೇ ಮಾಡ್ಕೊಳ್ಳಿ ಕಣಮ್ಮ. ನಾನ್ ಬರಲ್ಲ."

ಮಕ್ಕಳನ್ನು ಕೆರೆ ಏರಿಯ ಮೇಲೆ ಓಡಿಸಲು ಕರೆದುಕೊಂಡು ಹೊರಟೇಬಿಟ್ಟರು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಸಿಟ್ಟಿನಲ್ಲಿ ಶಾಮಿಯಾನದವನಿಗೆ ಫೋನ್ ಮಾಡಿದೆ. "ನೀವ್ ತೋರ್ಸಿದ್ ಜಾಗಕ್ಕೇ ಆಕಿದ್ದು ಅಕ್ಕಾ" ಎಂದ. ನಿಜ, ತೋರಿಸಿದ್ದು ನಾನೇ. ಸಿಟ್ಟೆಲ್ಲ ಇಳಿದು ಹೋಯಿತು. ಹಳಬರನ್ನೆಲ್ಲ ಒಬ್ಬೊಬ್ಬರನ್ನೇ ಎಬ್ಬಿಸಿ ಕರೆದೆ.

"ಹತ್ ಗಂಟೆಗೆ ಚೀಫ್ ಗೆಸ್ಟ್ ಬರ್ತಾರೆ, ಈಗ ಕೀಳೋದಾ?" ಎಂದು ಗೊಣಗಿದ ನನ್ನ ಜೊತೆ ಆಡಿ ಬೆಳೆದವನೊಬ್ಬ.

"ಕಿತ್ತಾಕು. ಮೇಷ್ಟ್ರೇ ಬರ್ದೆ ಹೋದ್ರೆ ಪೇಟ ಯಾರ್ ತಲೆಗಿಡ್ತೀಯಾ, ನಿನ್ ತಲೆಗಾ?" ಎಂದೆ.

ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಸ್ತ್ರಿ ಪ್ಯಾಂಟು ಮಡಚಿ, ಎಲ್ಲರೂ ಗಳ ಕಿತ್ತೆವು. ಗುಂಡಿಗೆ ಮಣ್ಣು ತುಂಬಿ, ನೀರು ಹಾಕಿ, ಸೊಂಟ ಬಿದ್ದುಹೋಗುವಷ್ಟು ತುಳಿದೆವು. ಹಗ್ಗ ಹಿಡಿದು ಗೆರೆ ಹಾಕಿದೆವು. ಎಂಟೂವರೆಗೆ ಮೇಷ್ಟ್ರು ಮಕ್ಕಳ ಜೊತೆ ವಾಪಸು ಬಂದರು. ಚಪ್ಪಲಿ ಬಿಟ್ಟು ಒಂದೊಂದೇ ಗುಂಡಿಯನ್ನು ಹಿಮ್ಮಡಿಯಿಂದ ಒತ್ತಿ ನೋಡುತ್ತ ಹೋದರು.

"ಇಲ್ಲಿ ಮೆತ್ತಗಿದೆ. ಮಗು ಕಾಲು ಉಳುಕುತ್ತೆ."

ಮತ್ತೆ ತುಳಿದೆವು. ಆಮೇಲೆಯೇ ಸೀಟಿ ಊದಿದರು. ಚೀಫ್ ಗೆಸ್ಟ್ ಬಂದಾಗ ಆಟ ಇನ್ನೂ ನಡೆಯುತ್ತಿತ್ತು. ಪಾಪ, ಅವರೂ ಬಿಸಿಲಲ್ಲಿ ನಿಂತು ಕಾದರು. ಪೇಟ, ಶಾಲು ಎಲ್ಲವೂ ಆ ಬಿಸಿಲಲ್ಲೇ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಆಯಿತು. ಮೈಕು ಕೊಟ್ಟರೆ ಮೇಷ್ಟ್ರು ಹೇಳಿದ್ದು ಇಷ್ಟೇ: "ನನ್ ಕಾಲ ಮುಗಿದ್ಮೇಲೆ ಈ ಜಾಗ ಕಾರ್ ನಿಲ್ಸೋಕಾಗುತ್ತೆ ಅನ್ಕೊಂಡಿದ್ದೆ. ಇವತ್ತು ಇವ್ರು ಮಣ್ಣು ತುಳ್ದಿದ್ದು ನೋಡ್ದೆ. ಸಾಕು."

ತಿಂಡಿಗೆ ಎಲ್ಲರೂ ಎದ್ದಾಗ ನನ್ನನ್ನು ಪಕ್ಕಕ್ಕೆ ಕರೆದರು. ಇನ್ನೊಂದು ಸಲ ಬೈಗುಳ ಕಾದಿದೆ ಎಂದುಕೊಂಡು ತಲೆ ತಗ್ಗಿಸಿ ನಿಂತೆ. ಅವರು ದನಿ ತಗ್ಗಿಸಿ ಕೇಳಿದರು.

"ನಾಳಿದ್ದಿಂದ ಬೆಳಗ್ಗೆ ಬಂದು ಲೈನ್ ಹಾಕ್ಕೊಡ್ತೀಯೇನಮ್ಮ? ನಂಗೀಗ ಮಂಡಿ ಬಗ್ಗಲ್ಲ."

ಇಷ್ಟು ವರ್ಷದಲ್ಲಿ ಅವರು ನಮ್ಮ ಯಾರ ಹತ್ತಿರವೂ ಏನನ್ನೂ ಕೇಳಿದವರಲ್ಲ.