ಹನ್ನೊಂದು ಕಾರ್ಕ್‌ಸ್ಕ್ರೂಗಳ ಚಿತ್ರಪುಸ್ತಕ

ಹೆತ್ತೂರಿನ ಹೈಸ್ಕೂಲಿಗೆ ನಾನು ಡ್ರಾಯಿಂಗ್ ಟೀಚರಾಗಿ ಬಂದು ಎರಡನೆಯ ವರ್ಷ. ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ನನ್ನ ಬಾಡಿಗೆ ಮನೆಯ ಎದುರಿಗೆ ಕಾಫಿ ತೋಟದ ಒಡತಿಯೊಬ್ಬರು ಇದ್ದರು. ಅವರ ಗಂಡ ತೀರಿಕೊಂಡು ವರ್ಷವಾಗಿತ್ತು. ಒಂದು ಶನಿವಾರ ನಾನು ಶಾಲೆ ಮುಗಿಸಿ ಬರುವಾಗ ಕರೆದು, ಊಟದ ಮೇಜಿನ ಮೇಲೆ ಹಳೆಯ ಪಂಚೆಯ ಗಂಟೊಂದನ್ನು ಬಿಚ್ಚಿದರು. ಒಳಗೆ ಹನ್ನೊಂದು ಕಾರ್ಕ್‌ಸ್ಕ್ರೂಗಳಿದ್ದವು. ವೈನ್ ಬಾಟಲಿಯ ಬಿರಡೆಗೆ ತಿರುಗಿಸಿ ಎಳೆಯುವ, ಬಿಳಿಯರ ಕಾಲದ ತಿರುಪುಗಳು.

ಬಿಳಿಯರ ಬಂಗಲೆಗಳು ಕೈ ಬದಲಾದಾಗ ಹೊರಬಿದ್ದ ಸಾಮಾನುಗಳಲ್ಲಿ ಗಂಡ ಇವನ್ನು ಆರಿಸಿ ತರುತ್ತಿದ್ದರಂತೆ. ಅವರು ತೊಟ್ಟೂ ಕುಡಿದವರಲ್ಲ. ಆದರೂ ಕಂಡ ನೆಂಟರು ಬೇರೆಯೇ ಅಂದುಕೊಂಡಾರೆಂದು ಆಕೆ ಇವನ್ನು ಬೀರುವಿನ ಕೆಳಗಿನ ಖಾನೆಗೆ ತಳ್ಳಿದ್ದರು. ಈಗ ಆನೇಮಹಲ್ ಹತ್ತಿರ ಹೋಂಸ್ಟೇ ತೆರೆಯುತ್ತಿದ್ದ ಮೈದುನ ಗೋಡೆಗೆ ತೂಗುಹಾಕಲು ಕೇಳಿದ್ದ, ಇವರೂ ಹೂಂ ಅಂದಿದ್ದರು.

“ಕೊಡೋಕ್ ಮುಂಚೆ ಒಂದೊಂದನ್ನೂ ಚಿತ್ರ ಬರ್ಕೊಡಿ ಟೀಚರಮ್ಮ,” ಅಂದರು.

ಹೊಸ ಡ್ರಾಯಿಂಗ್ ಪುಸ್ತಕವೊಂದನ್ನು ಹಿಡಿದು ನಾಲ್ಕು ಶನಿವಾರ ಕೂತೆ. ಆಕೆ ಕಾಫಿ ತಂದಿಟ್ಟು ಎದುರಿಗೇ ಕುಳಿತಿರುತ್ತಿದ್ದರು. ಕಡೆದ ಮರದ ಹಿಡಿಯವು, ಎರಡು ರೆಕ್ಕೆ ಎತ್ತುವಂಥವು, ಬೆರಳುದ್ದದ ಮಡಚುವ ಒಂದು. ಮೂಳೆಯ ಹಿಡಿಯದಕ್ಕೆ ತುದಿಯಲ್ಲಿ ಸಣ್ಣ ಕುಂಚವಿತ್ತು. ಅದೇಕೆಂದು ನನಗೆ ತಿಳಿಯಲಿಲ್ಲ. ಬಾಟಲಿಯ ಕತ್ತಿನ ಮೇಲಿನ ಧೂಳು, ಅರಗಿನ ಪುಡಿ ಒರೆಸಲಿಕ್ಕೆಂದು ಆಕೆಯೇ ಹೇಳಿದರು. ಆಮೇಲೆ ಅದನ್ನು ಕೈಯಲ್ಲಿ ತಿರುಗಿಸುತ್ತಾ, “ಒಂದ್ ಬಿರಡೆ ಕೀಳಾಕೆ ಇಷ್ಟು ಚಂದ ಮಾಡವ್ರಲ್ಲ ಅಂತಿದ್ರು ನಮ್ಮನೆಯವ್ರು. ನಾನು ಒಂದಿನಾನೂ ಸರ್ಯಾಗಿ ನೋಡ್ಲಿಲ್ಲ ಕಣಮ್ಮ,” ಅಂದರು.

ಕೊನೆಗೆ ಉಳಿದದ್ದು ಹಿತ್ತಾಳೆಯದು. ಮೈತುಂಬ ಬಳ್ಳಿ, ಕಪ್ಪು ಹಿಡಿದಿತ್ತು. ಹುಣಸೆಹಣ್ಣು ಹಾಕಿ ಉಜ್ಜಿದಾಗ ಗೊಂಚಲುಗಳು ಎದ್ದುಬಂದವು. ಗಂಡ ಮೊದಲು ತಂದದ್ದು ಅದನ್ನೇ ಅಂತೆ, ಮೆಣಸಿನ ಬಳ್ಳಿ ಕೆತ್ತಿದ್ದಾರೆಂದು. ನಾನು ಯೋಚಿಸದೆ, ಎಲೆಯ ಅಂಚು ಸೀಳುಸೀಳಾಗಿದೆ, ಇದು ದ್ರಾಕ್ಷಿ ಅಂದುಬಿಟ್ಟೆ. ಆಕೆ ಅದನ್ನು ಬೆಳಕಿಗೆ ಹಿಡಿದು ಎಲೆಗಳನ್ನೇ ನೋಡಿದರು. ಹೇಳಬಾರದಿತ್ತು ಅನ್ನಿಸಿ ಮುಖ ತಗ್ಗಿಸಿ ಗೆರೆ ಎಳೆಯತೊಡಗಿದೆ. ಸ್ವಲ್ಪ ಹೊತ್ತಿಗೆ ಆಕೆ ನಗುವುದು ಕೇಳಿಸಿತು.

“ಮನೆಗ್ ಬಂದೋರ್ಗೆಲ್ಲ ಮೆಣಸು ಅಂತ್ಲೇ ತೋರಿಸ್ತಿದ್ರು. ಚಿತ್ರದ್ ಕೆಳಗೆ ಮೆಣಸಿನ ಬಳ್ಳಿ ಅಂತ್ಲೇ ಬರೀರಿ.”

ಹಾಗೇ ಬರೆದೆ. ಮರುದಿನ ಮೈದುನ ಬಂದು ಹನ್ನೊಂದನ್ನೂ ಒಯ್ದ. ಒಂದನ್ನಾದರೂ ಇಟ್ಟುಕೊಳ್ಳುತ್ತಾರೆ ಅಂದುಕೊಂಡಿದ್ದೆ. ಪುಸ್ತಕ ಸಾಕು ಅಂದರು.

ಎರಡು ವರ್ಷದ ಮೇಲೆ ನನಗೆ ಆಲೂರಿಗೆ ವರ್ಗವಾಯಿತು. ಹೇಳಿಹೋಗಲು ಹೋದಾಗ ಕಡುಬು ಬಡಿಸಿ, ಆ ಪುಸ್ತಕ ತಂದು ನಾಚುತ್ತಾ ಕೈಗಿತ್ತರು. ಉಳಿದಿದ್ದ ಖಾಲಿ ಹಾಳೆಗಳಲ್ಲಿ ಆಕೆ ಪೆನ್ಸಿಲಿನಿಂದ ತಮ್ಮ ಅಡುಗೆಮನೆಯನ್ನು ಬರೆದಿದ್ದರು. ಸೌಟು, ಈಳಿಗೆಮಣೆ, ಅತ್ತೆಯ ಕಾಲದ ಹೂಬಳ್ಳಿಯ ಹಿತ್ತಾಳೆ ಚೊಂಬು. ಚೊಂಬು ಒಂದು ಕಡೆ ವಾಲಿತ್ತು. ತಪ್ಪಿದ್ದರೆ ತಿದ್ದಿಕೊಡಿ ಅಂದರು. ಪೆನ್ಸಿಲ್ ತೆಗೆದುಕೊಂಡೆ, ಬಹಳ ಹೊತ್ತು ನೋಡಿದೆ, ತಿದ್ದಲು ಮನಸ್ಸು ಬರಲಿಲ್ಲ.